ತಲೆಯ ಮೇಲಣ ಜಂತೆ

ಮನೆಯ ಅಂದವನ್ನು ಕುರಿತು ಮಾತು ಬಂದಾಗ ನಮ್ಮ ದೃಷ್ಟಿ ಸಾಮಾನ್ಯವಾಗಿ ಬಾಗಿಲವಾಡದ ಮೇಲೆ ನಿಲ್ಲುತ್ತದೆ. ದ್ವಾರಬಂಧದ ಕೆತ್ತನೆ, ಲಲಾಟದ ಗಜಲಕ್ಷ್ಮಿ, ಜಗಲಿಯ ಕಂಬ ಇವನ್ನು ಬಂದವರೆಲ್ಲ ನೋಡಿ ಹೊಗಳುತ್ತಾರೆ. ಆದರೆ ಒಳಗೆ ಕುಳಿತವರ ತಲೆಯ ಮೇಲೆ ಹಗಲಿರುಳು ಭಾರ ಹೊತ್ತು ನಿಂತಿರುವ ತೊಲೆ ಜಂತೆಗಳನ್ನು ಕತ್ತೆತ್ತಿ ನೋಡುವವರು ವಿರಳ. ನಿದ್ದೆ ಬಾರದ ರಾತ್ರಿಯಲ್ಲಿ ಮಾತ್ರ ಅವುಗಳ ನೆನಪಾಗುತ್ತದೆ. ‘ಜಂತೆ ಎಣಿಸುತ್ತ ಮಲಗಿದ್ದೆ’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಮಾತಿಗೆ ಅರ್ಥವಿರಬೇಕಾದರೆ ಮಲಗಿದವನ ಕಣ್ಣಿಗೆ ಜಂತೆ ಕಾಣುತ್ತಿರಬೇಕಷ್ಟೆ. ದೊಡ್ಡಮಳೂರು, ಚನ್ನಪಟ್ಟಣಗಳ ಸುತ್ತಿನಲ್ಲಿ ಅಳಿದುಳಿದಿರುವ ಹಳೆಯ ಮನೆಗಳಲ್ಲಿ ಅದು ಕಾಣುತ್ತದೆ. ಹೊಸ ಮನೆಗಳಲ್ಲಿ ಜಂತೆಯೇ ಇಲ್ಲ. ಹಳೆಯದನ್ನು ದುರಸ್ತಿ ಮಾಡಿಸುವ ಕೆಲವರು ಇದ್ದ ಜಂತೆಯನ್ನೂ ಕೆಳಗಿನಿಂದ ಮುಚ್ಚಿಸಿಬಿಡುತ್ತಿದ್ದಾರೆ. ಹೀಗೆ ಮುಚ್ಚುವುದರಿಂದ ಮನೆಯ ಅಂದದೊಡನೆ ಅದರ ಆಯುಷ್ಯವೂ ಹೋಗುತ್ತದೆಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಯಪಡಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಪದವಿಚಾರ. ಕಂಬದ ತಲೆಯ ಮೇಲೆ ಎರಡು ಕಡೆಗೂ ಚಾಚಿಕೊಂಡಿರುವ ತುಂಡು ಬೋದಿಗೆ. ಬೋದಿಗೆಯನ್ನು ಆಧರಿಸಿ ಕಂಬದಿಂದ ಕಂಬಕ್ಕೆ ಹಾಯುವ ದಪ್ಪ ಮರ ತೊಲೆ. ತೊಲೆಗೂ ಗೋಡೆಗೂ ನಡುವೆ ಒಂದರ ಪಕ್ಕ ಒಂದರಂತೆ ಸಾಲಾಗಿ ಕೂರುವ ಸಣ್ಣ ಮರಗಳು ಜಂತೆಗಳು; ಉತ್ತರ ಕರ್ನಾಟಕದವರ ಬಾಯಲ್ಲಿ ಜಂತಿ. ಇಳಿಜಾರಾದ ಮಾಡಿನಲ್ಲಿ ಇದೇ ಕೆಲಸ ಮಾಡುವ ಮರವನ್ನು ಕರಾವಳಿಯವರು ಪಕಾಸು ಎನ್ನುತ್ತಾರೆ. ಅದರ ಮೇಲೆ ಹೆಂಚಿಗೆ ಆಸರೆಯಾಗಿ ಹೊಡೆಯುವ ಪಟ್ಟಿಗೆ ಈಗ ಎಲ್ಲೆಲ್ಲೂ ರೀಪು ಎಂದೇ ಹೆಸರು. ಇದು ಹೊರಗಿನಿಂದ ಬಂದ ಮಾತು. ನಾಡಹೆಂಚಿನ ಮನೆಗಳಲ್ಲಿ ಆ ಸ್ಥಾನದಲ್ಲಿರುವುದು ಬಿದಿರಿನ ದಬ್ಬೆ.

ತೊಲೆ ಎಂಬುದು ಸಂಸ್ಕೃತದ ‘ತುಲಾ’ ಶಬ್ದದ ತದ್ಭವ. ತುಲೆಯೆಂದರೆ ತಕ್ಕಡಿ ಎಂಬುದು ಎಲ್ಲರಿಗೂ ತಿಳಿದ ಅರ್ಥ. ಛಾವಣಿಯ ಮರ ಎಂಬ ಅರ್ಥವೂ ಆ ಭಾಷೆಯಲ್ಲಿ ಹಳೆಯದೇ. ಎರಡು ಕಡೆಯ ಭಾರವನ್ನು ಸಮನಾಗಿ ತೂಗುವುದೇ ಎರಡಕ್ಕೂ ಸಮಾನವಾದ ಧರ್ಮ. ದಕ್ಷಿಣದ ಶಿಲ್ಪಿಗಳಿಗೆ ಪ್ರಮಾಣವಾದ ‘ಮಯಮತ’ ಎಂಬ ವಾಸ್ತುಗ್ರಂಥದಲ್ಲಿ ಛಾವಣಿಯನ್ನು ವಿವರಿಸುವಾಗ ತುಲೆಯ ಮೇಲೆ ಅಡ್ಡಲಾಗಿ ‘ಜಯಂತೀ’, ಅದರ ಮೇಲೆ ‘ಅನುಮಾರ್ಗ’ ಎಂದು ಕ್ರಮವನ್ನು ಹೇಳಿದೆ. ನಮ್ಮ ತೊಲೆ, ಜಂತೆ, ದಬ್ಬೆಗಳ ಕ್ರಮವೂ ಇದೇ. ನಮ್ಮ ‘ಜಂತಿ’ ಈ ‘ಜಯಂತಿ’ಯೇ ಇರಬೇಕೆಂದು ನನ್ನ ಊಹೆ, ಧ್ವನಿಯೂ ಹೊಂದುತ್ತದೆ, ಅರ್ಥವೂ ಹೊಂದುತ್ತದೆ. ಬೋದಿಗೆಗೆ ‘ಬೋಧಿಕಾ’ ಎಂಬ ಶಾಸ್ತ್ರದ ಹೆಸರುಂಟು. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ‘ಗೋಪಾನಸೀ’ ಎಂಬ ಮಾತು ನೆನಪಿರಬಹುದು. ಮನೆಯ ಮೇಲ್ಮಾಡನ್ನು ಹೊದಿಸಲು ಬಳಸುವ ಬಾಗಿದ ಮರ ಎಂದು ಅದರ ಅರ್ಥ. ನಿಘಂಟಿನಲ್ಲಿ ಕಂಠಪಾಠ ಮಾಡಿದ ಎಷ್ಟೋ ಶಬ್ದಗಳಿಗೆ ಪ್ರತ್ಯಕ್ಷ ವಸ್ತು ಬಡಗಿಯ ಕೈಯಲ್ಲಿಯೇ ಇರುತ್ತದೆ. ಪಂಡಿತರು ಅತ್ತ ಹೋಗಿ ನೋಡುವುದು ಕಡಿಮೆ.

ಇನ್ನು ಜಂತೆಯ ಕೆಲಸವೇನೆಂಬುದನ್ನು ನೋಡೋಣ. ಎರಡು ತುದಿಗಳು ಆಧಾರದ ಮೇಲಿರಲು ನಡುವೆ ಭಾರವನ್ನು ತಡೆಯುವುದು ಅದರ ಕೆಲಸ. ಭಾರ ಬಿದ್ದಾಗ ಮರ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆಗ ಅದರ ಮೇಲ್ಮೈಯ ಎಳೆಗಳು ಒತ್ತಿಕೊಳ್ಳುತ್ತವೆ. ಕೆಳಮೈಯ ಎಳೆಗಳು ಸೆಳೆತಕ್ಕೆ ಸಿಕ್ಕುತ್ತವೆ. ಎರಡರ ನಡುವಣ ಎಳೆಗಳಿಗೆ ಒತ್ತಡವೂ ಇಲ್ಲ, ಸೆಳೆತವೂ ಇಲ್ಲ. ಆದಕಾರಣ ಮರದ ಶಕ್ತಿಯೆಲ್ಲ ಅದರ ಎತ್ತರದಲ್ಲಿದೆ. ೨ ಅಂಗುಲ ದಪ್ಪ, ೪ ಅಂಗುಲ ಅಗಲವಿರುವ ಒಂದು ಮರವನ್ನು ತೆಗೆದುಕೊಳ್ಳಿ. ಭಾರ ತಡೆಯುವ ಶಕ್ತಿಯನ್ನು ಅಗಲದಿಂದ ಒಮ್ಮೆ, ಎತ್ತರದಿಂದ ಎರಡು ಬಾರಿ ಗುಣಿಸಿ ಹೋಲಿಸಬಹುದು. ಮರವನ್ನು ಮಲಗಿಸಿ ಇಟ್ಟರೆ ಬರುವ ಸಂಖ್ಯೆ ೧೬. ಅದೇ ಮರವನ್ನು ನಿಲ್ಲಿಸಿ ಇಟ್ಟರೆ ೩೨. ಬಾಗದೆ ನಿಲ್ಲುವ ಗುಣಕ್ಕಾದರೆ ಎತ್ತರವನ್ನು ಮೂರು ಬಾರಿ ಗುಣಿಸಬೇಕು. ಆಗ ಮಲಗಿಸಿದ್ದಕ್ಕೆ ೩೨, ನಿಲ್ಲಿಸಿದ್ದಕ್ಕೆ ೧೨೮ ಬರುತ್ತದೆ. ಮರ ಅದೇ, ಖರ್ಚು ಅದೇ. ಇಡುವ ರೀತಿಯೊಂದರಿಂದಲೇ ಶಕ್ತಿ ಇಮ್ಮಡಿ, ಬಿಗುಪು ನಾಲ್ಮಡಿ. ನಮ್ಮ ಬಡಗಿಗಳು ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿದವರಲ್ಲ. ಆದರೂ ಕೊಯ್ದ ಜಂತೆಯನ್ನು ಅವರು ಮಲಗಿಸಿ ಇಟ್ಟ ಮನೆಯನ್ನು ನಾನು ಕಂಡಿಲ್ಲ.

ಆಧಾರಗಳ ನಡುವಣ ದೂರಕ್ಕೆ ಇನ್ನೂ ಹೆಚ್ಚಿನ ಮಹತ್ವವಿದೆ. ಅಡಿಯೊಂದಕ್ಕೆ ಬೀಳುವ ಭಾರ ಅಷ್ಟೇ ಇದ್ದು ದೂರವನ್ನು ಇಮ್ಮಡಿಸಿದರೆ ಜಂತೆಯ ಬಾಗು ಹದಿನಾರು ಮಡಿಯಾಗುತ್ತದೆ. ಹಳೆಯ ಮನೆಗಳ ಕೋಣೆಗಳು ಎಷ್ಟೇ ಉದ್ದವಿದ್ದರೂ ಅಗಲದಲ್ಲಿ ಇಕ್ಕಟ್ಟಾಗಿರುವುದಕ್ಕೆ ಇದೇ ಕಾರಣ. ಮನೆಯ ಆಕಾರವನ್ನು ಯಜಮಾನ ನಿರ್ಧರಿಸಿದನೆಂದು ನಾವು ತಿಳಿಯುತ್ತೇವೆ. ವಾಸ್ತವದಲ್ಲಿ ಅದನ್ನು ನಿರ್ಧರಿಸಿದ್ದು ಸಿಕ್ಕಿದ ಮರದ ಉದ್ದ. ಮಲೆನಾಡಿನಲ್ಲಿ ತೇಗ, ಹೊನ್ನೆ, ಮತ್ತಿ ದೊರಕುತ್ತಿದ್ದುವು. ಬಯಲುಸೀಮೆಯ ಸಾಮಾನ್ಯ ರೈತನಿಗೆ ಹಲಸು, ಬೇವು, ಬಲಿತ ತೆಂಗಿನ ಕಾಂಡ, ಬಿದಿರಿನ ಗಳು ಇವೇ ಗತಿ. ಚನ್ನಪಟ್ಟಣದ ಹೆಸರನ್ನು ದೇಶಾಂತರಗಳಿಗೆ ಕೊಂಡೊಯ್ದ ಬೊಂಬೆಗಳಿಗೆ ಬಳಸುವ ಹಾಲೆ ಮರ ಮೃದು, ನುಣುಪು. ಚರಕಿಯ ಮೇಲೆ ಅದು ಹೇಳಿದಂತೆ ಕೇಳುತ್ತದೆ, ಅರಗಿನ ಬಣ್ಣವನ್ನೂ ಚೆನ್ನಾಗಿ ಹಿಡಿಯುತ್ತದೆ. ಆದರೆ ಅದನ್ನು ಜಂತೆಗೆ ಯಾರೂ ಏರಿಸುವುದಿಲ್ಲ. ಹೇಳಿದಂತೆ ಕೇಳುವ ಗುಣ ಎಲ್ಲ ಕಡೆಯೂ ಗುಣವಲ್ಲವೆಂದು ವಿನೋದಕ್ಕೆ ಹೇಳಬಹುದು.

ಬಿದಿರಿನ ವಿಷಯದಲ್ಲಿ ಎರಡು ಮಾತು. ಕಡಿದ ಗಳುಗಳನ್ನು ಕೆಲವು ವಾರ ಕೆರೆಯ ನೀರಿನಲ್ಲಿ ಮುಳುಗಿಸಿಡುವ ರೂಢಿಯಿತ್ತು. ಅದರೊಳಗಿನ ಪಿಷ್ಟ ಕರಗಿಹೋದರೆ ಕುಟ್ಟೆ ಹುಳುವಿಗೆ ಆಹಾರವಿರುವುದಿಲ್ಲ. ಛಾವಣಿಗೆ ಏರಿಸುವಾಗ ಒಂದರ ಬುಡದ ಪಕ್ಕಕ್ಕೆ ಇನ್ನೊಂದರ ತುದಿ ಬರುವಂತೆ ಇಡುತ್ತಿದ್ದರು. ಹಾಗೆ ಮಾಡದಿದ್ದರೆ ಮಾಡು ಒಂದು ಕಡೆ ಎತ್ತರ, ಒಂದು ಕಡೆ ತಗ್ಗು ಆಗುತ್ತದೆ. ಅಡಿಗೆಮನೆಯ ಹೊಗೆ ಇದಕ್ಕೆಲ್ಲ ಬೇಸಾಯವಿಲ್ಲದ ಔಷಧ. ಮಸಿ ಹಿಡಿದು ಕಪ್ಪಾದ ಜಂತೆಯನ್ನು ಕಂಡು ಹೊಸ ಸೊಸೆಯಂದಿರು ಮೂಗು ಮುರಿಯುವುದುಂಟು. ಹುಳುವೂ ಅದನ್ನು ಕಂಡು ಮೂಗು ಮುರಿಯುತ್ತದೆ.

ಈಗ ಅಲಂಕಾರದ ವಿಚಾರ. ಬಡಗಿ ಉಳಿಯನ್ನು ಎಲ್ಲಿ ಆಡಿಸಿದ್ದಾನೆ, ಎಲ್ಲಿ ಆಡಿಸಿಲ್ಲ ಎಂಬುದನ್ನು ಗಮನಿಸಬೇಕು. ಜಂತೆಯ ನಡುಭಾಗದ ಕೆಳಮೈಯಲ್ಲಿ ಸೆಳೆತ ಅತ್ಯಧಿಕ. ಅಲ್ಲಿ ಅವನು ಆಳವಾಗಿ ಕೆತ್ತುವುದಿಲ್ಲ. ಗಂಟಿದ್ದರೆ ಅದನ್ನು ಕೆಳಕ್ಕೆ ಬಾರದಂತೆ ತಿರುಗಿಸಿ ಇಡುತ್ತಾನೆ. ಮರಕ್ಕೆ ಹುಟ್ಟಿನಿಂದಲೇ ಬಾಗು ಇದ್ದರೆ ಬೆನ್ನು ಮೇಲೆ ಬರುವಂತೆ ಕೂರಿಸುತ್ತಾನೆ. ಗೀರುಗೆರೆ, ಸಣ್ಣ ಹೂಬಳ್ಳಿ ಬೇಕೆಂದರೆ ಅದಕ್ಕೆ ಪಕ್ಕದ ಮೈ ಉಂಟು. ಒತ್ತಡವೂ ಸೆಳೆತವೂ ಇಲ್ಲದ ಎಳೆಗಳು ಅಲ್ಲಿವೆಯಷ್ಟೆ. ಕೆಳಗಿನ ಎರಡು ಅಂಚುಗಳನ್ನು ಸ್ವಲ್ಪವೇ ಸವರಿ ಓರೆ ಮಾಡುತ್ತಾನೆ. ಚೂಪಾದ ಅಂಚು ಸಿಬಿರೇಳುತ್ತದೆ. ಓರೆ ಮಾಡಿದರೆ ಸಿಬಿರೇಳುವುದಿಲ್ಲ, ಮೇಲಾಗಿ ಬೆಳಕು ಆ ಓರೆಯ ಮೇಲೆ ಬಿದ್ದು ಒಂದು ಗೆರೆ ಎಳೆದಂತೆ ತೋರುತ್ತದೆ. ಒಳ್ಳೆಯ ಕೆಲಸದಲ್ಲಿ ಆ ಓರೆ ಗೋಡೆಗೆ ಒಂದು ಗೇಣು ಮೊದಲೇ ನಿಂತುಬಿಡುತ್ತದೆ. ಆಧಾರದ ಮೇಲೆ ಕೂರುವ ತುದಿ ತುಂಬಿದ ಚೌಕವಾಗಿಯೇ ಇರಬೇಕೆಂಬುದು ಅದರ ಕಾರಣ. ಸೂರಿನಿಂದ ಹೊರಕ್ಕೆ ಚಾಚಿದ ತುದಿಯನ್ನು ಮಾತ್ರ ಸೊಂಡಿಲಿನಂತೆಯೋ ಹೆಡೆಯಂತೆಯೋ ಬಳುಕಿಸುತ್ತಾನೆ. ಅಲ್ಲಿ ಹೊರೆ ಕಡಿಮೆ. ಆ ಬಾಗಿನಿಂದಾಗಿ ಮಳೆಯ ಹನಿ ಮರದ ತುದಿಯಲ್ಲಿ ನಿಲ್ಲದೆ ಕೆಳಕ್ಕೆ ಬೀಳುತ್ತದೆ. ಮರ ನೀರನ್ನು ಅತ್ಯಧಿಕವಾಗಿ ಕುಡಿಯುವುದು ಕೊಯ್ದ ತುದಿಯಿಂದಲೇ.

ಬೋದಿಗೆಯನ್ನು ನೋಡಿ. ಬಾಳೆಯ ಹೂವಿನಂತೆ ಇಳಿಬಿದ್ದ ಮೊಗ್ಗು, ಎಸಳೆಸಳಾದ ಕೆತ್ತನೆ ಎಲ್ಲ ಅಲ್ಲಿಯೇ ಸೇರಿವೆ. ಅಲ್ಲಿ ಮರ ಬೇಕಾದುದಕ್ಕಿಂತ ಹೆಚ್ಚಾಗಿದೆ, ಕೆತ್ತಲು ಅವಕಾಶವಿದೆ. ಆದರೆ ಬೋದಿಗೆ ಹುಟ್ಟಿದ್ದು ಹೂವಿಗಾಗಿ ಅಲ್ಲ. ಎರಡು ಕಡೆಗೂ ಒಂದೊಂದು ಅಡಿ ಚಾಚಿಕೊಂಡು ತೊಲೆಯ ಹಾಯುವಿಕೆಯನ್ನು ಎರಡು ಅಡಿ ಕುಗ್ಗಿಸುವುದಕ್ಕಾಗಿ. ಹತ್ತಡಿಯ ದೂರ ಎಂಟಡಿಯಾದರೆ ತೊಲೆಯ ಬಾಗು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ.

ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಕಾವ್ಯಾಲಂಕಾರವನ್ನು ಕುರಿತು ‘ಅಪೃಥಗ್ಯತ್ನನಿರ್ವರ್ತ್ಯ’ ಎಂಬ ಮಾತನ್ನು ಬಳಸಿದ್ದಾನೆ. ಬೇರೆಯದಾದ ಪ್ರಯತ್ನವಿಲ್ಲದೆ, ರಸದ ಓಟದಲ್ಲಿಯೇ ಸಿದ್ಧವಾಗುವ ಅಲಂಕಾರವೇ ಅಲಂಕಾರ. ತಂದು ಅಂಟಿಸಿದ್ದು ಹೊರೆ ಎಂಬುದು ಅದರ ತಾತ್ಪರ್ಯ. ವಿದ್ವತ್ ತರಗತಿಯಲ್ಲಿ ಈ ಪದವನ್ನು ಅರ್ಥಮಾಡಿಸಲು ಎಷ್ಟು ಶ್ಲೋಕಗಳನ್ನು ಉದಾಹರಿಸಿದರೂ ಕೆಲವು ವೇಳೆ ಸಾಲದು. ಒಂದು ಹಳೆಯ ಮನೆಯ ಪಡಸಾಲೆಗೆ ಕರೆದೊಯ್ದು ಮೇಲಕ್ಕೆ ಕೈ ತೋರಿಸಿದರೆ ಸಾಕು.

ತೊಟ್ಟಿಯ ಮನೆಯಲ್ಲಿ ಈ ವಿಷಯ ಇನ್ನೂ ಸ್ಪಷ್ಟ. ನಡುವೆ ಆಕಾಶಕ್ಕೆ ತೆರೆದ ಅಂಗಳ. ಸುತ್ತ ನಾಲ್ಕು ಕಡೆಯಿಂದಲೂ ಒಳಮುಖವಾಗಿ ಇಳಿಯುವ ಮಾಡು. ಅಂಗಳದ ಅಂಚಿನ ಕಂಬಗಳ ಮೇಲೆ ತೊಲೆ. ಗೋಡೆಯ ಎತ್ತರದಿಂದ ತೊಲೆಯವರೆಗೆ ಇಳಿದುಬರುವ ಜಂತೆಗಳು. ಬೆಳಕು ತೊಟ್ಟಿಯಿಂದ ಬಂದು ನೆಲಕ್ಕೆ ತಾಗಿ ಅಲ್ಲಿಂದ ಮೇಲಕ್ಕೆ ಚಿಮ್ಮುವುದರಿಂದ ಜಂತೆಯ ಕೆಳಮೈ ನಡುಹಗಲಿನಲ್ಲಿ ಮಂದವಾಗಿ ಬೆಳಗುತ್ತದೆ. ಸಮದೂರದಲ್ಲಿ ಸಾಲಾದ ಆ ಮರಗಳು, ಅವುಗಳ ನಡುವಣ ನೆರಳು ಇವುಗಳಿಂದ ತಾಳ ಹಾಕಿದಂತಹ ಒಂದು ಲಯ ಹುಟ್ಟುತ್ತದೆ. ಆದರೆ ಆ ಸಮದೂರವನ್ನು ಲಯಕ್ಕಾಗಿ ಇಟ್ಟಿಲ್ಲ. ಹೆಂಚಿನ ಭಾರ ಸಮನಾಗಿ ಹಂಚಿಹೋಗಲೆಂದು ಇಟ್ಟಿದೆ. ಗೋಡೆಯ ಮೇಲಿಂದ ಎರಡು ಕಡೆಗೆ ಇಳಿಯುವ ಮಾಡಾದರೆ ಜಂತೆಗಳು ನೆತ್ತಿಯಲ್ಲಿ ಕೈಮುಗಿದಂತೆ ಕೂಡುತ್ತವೆ. ಕೈಮುಗಿದು ನಿಂತವನ ಮೊಣಕೈಗಳು ಹೊರಕ್ಕೆ ಸರಿಯುವಂತೆ ಅವುಗಳ ಬುಡಗಳು ಗೋಡೆಯನ್ನು ಹೊರಕ್ಕೆ ನೂಕುತ್ತವೆ. ಅದನ್ನು ತಡೆಯಲು ಅಡ್ಡ ತೊಲೆಯೊಂದು ಬೇಕು. ಅದನ್ನೇ ಆಧಾರ ಮಾಡಿಕೊಂಡು ಅಟ್ಟ ಹಾಕಿ ಕಾಳುಕಡ್ಡಿ ಇಡುವುದು ನಮ್ಮವರ ಜಾಣತನ.

ಕಾಣುವ ಜಂತೆಗೆ ಇನ್ನೂ ಎಷ್ಟೋ ಕೆಲಸಗಳುಂಟು. ಮಗುವಿನ ತೊಟ್ಟಿಲು, ಉಯ್ಯಾಲೆಯ ಸರಪಣಿ, ಬಿತ್ತನೆಯ ಜೋಳದ ತೆನೆ, ಹಾಲು ಮೊಸರಿನ ನೆಲುವು ಇವೆಲ್ಲ ಅದಕ್ಕೇ ಜೋತುಬೀಳುತ್ತವೆ. ದೊಡ್ಡಮಳೂರಿನ ಅಪ್ರಮೇಯಸ್ವಾಮಿ ದೇವಾಲಯದಲ್ಲಿ ಅಂಬೆಗಾಲಿಡುವ ನವನೀತಕೃಷ್ಣನ ಮೂರ್ತಿಯನ್ನು ನೋಡಲು ನಾಡಿನ ನಾನಾ ಕಡೆಯಿಂದ ಜನ ಬರುತ್ತಾರೆ. ಆ ಬಾಲಕನ ಬೆಣ್ಣೆಯ ಕಥೆಗಳಲ್ಲಿ ಗಡಿಗೆ ತೂಗುವುದು ನೆಲುವಿನಿಂದ. ನೆಲುವು ತೂಗುವುದು ಜಂತೆಯಿಂದ. ನುಣ್ಣನೆಯ ಕಾಂಕ್ರೀಟಿನ ಮಾಳಿಗೆಯ ಕೆಳಗೆ ಬೆಳೆಯುವ ಮಕ್ಕಳಿಗೆ ನೆಲುವು ಎಂದರೇನೆಂದು ವಿವರಿಸುವುದೇ ಉಪಾಧ್ಯಾಯರಿಗೆ ಒಂದು ಕೆಲಸವಾಗಿದೆ.

ಅದೇ ದೇವಾಲಯದ ಕಲ್ಲಿನ ಮಂಟಪದಲ್ಲಿ ನಿಂತು ಮೇಲೆ ನೋಡಿದರೆ ಕಂಬ, ಬೋದಿಗೆ, ತೊಲೆ, ಅದರ ಮೇಲೆ ಚಪ್ಪಡಿ ಎಂಬ ಕ್ರಮ ಕಾಣುತ್ತದೆ. ಮನೆಯಲ್ಲಿ ಮರದಲ್ಲಿದ್ದುದು ಇಲ್ಲಿ ಶಿಲೆಯಲ್ಲಿದೆ. ಕಲ್ಲು ಒತ್ತಡವನ್ನು ಎಷ್ಟಾದರೂ ತಡೆಯುತ್ತದೆ, ಸೆಳೆತವನ್ನು ತಡೆಯಲಾರದು. ಆದುದರಿಂದ ಕಂಬಗಳು ಹತ್ತಿರ ಹತ್ತಿರ ನಿಂತಿರುತ್ತವೆ. ಶಿಲ್ಪಿ ಮರವನ್ನು ಮರೆಯಲಿಲ್ಲವೆಂಬುದಕ್ಕೆ ಐಹೊಳೆಯ ಲಾಡಖಾನ್ ಗುಡಿಗಿಂತ ಉತ್ತಮವಾದ ಸಾಕ್ಷಿ ಬೇಕಿಲ್ಲ. ಬಾದಾಮಿ ಚಾಲುಕ್ಯರ ಕಾಲದ ಆ ಗುಡಿಯ ಇಳಿಜಾರು ಛಾವಣಿಗೆ ಚಪ್ಪಡಿಗಳನ್ನು ಹೊದಿಸಿ, ಎರಡು ಚಪ್ಪಡಿ ಕೂಡುವ ಸಂದಿನ ಮೇಲೆ ಉದ್ದುದ್ದನೆಯ ಕಲ್ಲಿನ ಪಟ್ಟಿಗಳನ್ನು ಕೂರಿಸಿದ್ದಾರೆ. ನೋಡುವವರಿಗೆ ಅವು ಮರದ ದಿಮ್ಮಿಗಳಂತೆಯೇ ಕಾಣುತ್ತವೆ. ಸಂದಿನೊಳಗೆ ನೀರು ಇಳಿಯದಂತೆ ತಡೆಯುವುದು ಅವುಗಳ ಕೆಲಸ. ಇತ್ತ ಭಟ್ಕಳದ ಕೇತಪಯ್ಯ ನಾರಾಯಣ ದೇವಾಲಯದಲ್ಲಿಯೂ ಕರಾವಳಿಯ ಮಳೆಗೆ ಒಗ್ಗಿದ ಮರದ ಮಾಡು ಕಲ್ಲಿನಲ್ಲಿ ಮೈದಾಳಿದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಲೋನಾವಳದ ಬಳಿಯ ಕಾರ್ಲೆಯ ಚೈತ್ಯಗುಹೆಯನ್ನು ಬಂಡೆಯಲ್ಲಿ ಕೊರೆದು ಸುಮಾರು ಎರಡು ಸಾವಿರ ವರ್ಷಗಳಾದುವು. ಕಮಾನಾಗಿ ಬಾಗಿದ ಅದರ ಮೇಲ್ಭಾಗಕ್ಕೆ ಮರದ ಪಕ್ಕೆಲುಬುಗಳನ್ನು ಜೋಡಿಸಿದ್ದಾರೆ. ಅವು ಇಂದಿಗೂ ಇವೆ. ಅಮರಸಿಂಹ ಹೇಳಿದ ಬಾಗಿದ ಮರಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಏತಕ್ಕೆ? ಆದರೆ ಮೇಲಿರುವುದು ಇಡೀ ಬೆಟ್ಟ. ಆ ಮರಗಳು ಒಂದು ಸೇರು ಭಾರವನ್ನೂ ಹೊತ್ತಿಲ್ಲ. ಎಲ್ಲೋರದ ಹತ್ತನೆಯ ಗುಹೆಯಲ್ಲಿ ಮರವೂ ಇಲ್ಲ, ಜಂತೆಗಳನ್ನೇ ಕಲ್ಲಿನಲ್ಲಿ ಬಿಡಿಸಿದ್ದಾರೆ. ಸುತ್ತಲಿನ ಜನ ಅದನ್ನು ಬಡಗಿಯ ಗುಡಿಸಲು ಎಂದೇ ಕರೆಯುತ್ತ ಬಂದಿದ್ದಾರೆ. ಹೊರದ ಜಂತೆಯನ್ನು ಅಂದಕ್ಕಾಗಿ ಇಡುವುದು ತಪ್ಪಾದರೆ ಈ ಮಹಾಶಿಲ್ಪಿಗಳನ್ನೂ ದೂರಬೇಕಾಗುವುದಿಲ್ಲವೆ? ನನ್ನ ಅಭಿಪ್ರಾಯದಲ್ಲಿ ಇಲ್ಲ. ಅವರು ಯಾವುದನ್ನೂ ಮರೆಮಾಡಲಿಲ್ಲ. ಬಂಡೆ ಬಂಡೆಯಾಗಿಯೇ ಕಾಣುತ್ತದೆ. ತಮ್ಮ ಹಿರಿಯರ ಮರದ ಶಾಲೆಗಳ ರೂಪವನ್ನು ಅದರ ಮೇಲೆ ಸ್ಮರಿಸಿದರು. ದೋಷವಿರುವುದು ಭಾರ ಹೊರುವ ಮರವನ್ನು ಮುಚ್ಚುವುದರಲ್ಲಿ.

ಇದೇಕೆ ದೋಷವೆಂದು ಕೇಳಿದರೆ ಜಂತೆ ಕೆಡುವ ಬಗೆಯನ್ನು ನೋಡಬೇಕು. ನೂರು ವರ್ಷದ ಜಂತೆಯನ್ನು ಇಳಿಸಿ ನೋಡಿದರೆ ಕೋಣೆಯೊಳಗೆ ಕಾಣುತ್ತಿದ್ದ ಭಾಗ ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ. ಹಾಳಾಗಿರುವುದು ಗೋಡೆಯೊಳಗೆ ಹುದುಗಿದ್ದ ಗೇಣುದ್ದದ ತುದಿ. ಅಲ್ಲಿ ಗೋಡೆಯ ತೇವ ತಾಗುತ್ತದೆ, ಗಾಳಿ ಆಡುವುದಿಲ್ಲ, ಗೆದ್ದಲಿಗೆ ಮಣ್ಣಿನ ದಾರಿ ಇದೆ, ಮನುಷ್ಯರ ದೃಷ್ಟಿ ಇಲ್ಲ. ಕಾಣದ ಒಂದು ಗೇಣಿಗೇ ಈ ಗತಿಯಾದರೆ ಕೆಳಗಿನಿಂದ ಪ್ಲಾಸ್ಟರ್ ಹಲಗೆಯ ಫಾಲ್ಸ್ ಸೀಲಿಂಗ್ ಹೊಡೆಸಿ ಹತ್ತಡಿಯನ್ನೂ ಮುಚ್ಚಿದರೆ ಏನಾಗಬಹುದು? ಒಡೆದ ಹೆಂಚಿನಿಂದ ಇಳಿದ ಹನಿ ಮೊದಲ ದಿನವೇ ಮನೆಯಾಕೆಯ ಕಣ್ಣಿಗೆ ಬೀಳುತ್ತಿತ್ತು. ಈಗ ಅದು ಹಲಗೆಯ ಮೇಲೆ ಹರಡಿ ತಿಂಗಳುಗಟ್ಟಲೆ ನಿಂತು, ಕಲೆ ಕಾಣಿಸುವ ಹೊತ್ತಿಗೆ ಮರ ಮೆತ್ತಗಾಗಿರುತ್ತದೆ. ತಂಪಿಗಾಗಿ ಮುಚ್ಚಿಸುವವರ ಮಾತಿನಲ್ಲಿ ಸ್ವಲ್ಪ ಸತ್ಯವಿದೆಯೆಂದು ಒಪ್ಪಬೇಕು. ಮಂಗಳೂರು ಹೆಂಚಿನ ಮನೆ ಬೇಸಗೆಯಲ್ಲಿ ಕಾಯುತ್ತದೆ. ಅದಕ್ಕೆ ಜಂತೆಯ ಮೇಲೆ, ಹೆಂಚಿನ ಕೆಳಗೆ ಹಲಗೆ ಹೊಡೆಸುವ ಉಪಾಯವಿದೆ. ಜಂತೆ ಆಗಲೂ ಕಾಣುತ್ತದೆ.

ಕಂಡರಷ್ಟೇ ಸಾಲದು, ನೋಡಲೂ ಬೇಕು. ಇಂಗ್ಲೆಂಡಿನ ವೆಸ್ಟ್‌ಮಿನ್ಸ್ಟರ್ ಸಭಾಭವನದ ಮರದ ಛಾವಣಿಯನ್ನು ೧೩೯೦ರ ದಶಕದಲ್ಲಿ ಎರಡನೆಯ ರಿಚರ್ಡ್ ಕಟ್ಟಿಸತೊಡಗಿದ. ಅರುವತ್ತೆಂಟು ಅಡಿ ಅಗಲವನ್ನು ನಡುವೆ ಕಂಬವಿಲ್ಲದೆ ದಾಟಿರುವ, ಜಗತ್ಪ್ರಸಿದ್ಧವಾದ ತೆರೆದ ಛಾವಣಿ ಅದು. ಆದರೆ ನೆತ್ತಿ ನೆಲದಿಂದ ತೊಂಬತ್ತು ಅಡಿ ಎತ್ತರ. ಕೆಳಗೆ ನಿಂತವರು ಅಂದವನ್ನು ನೋಡುತ್ತಿದ್ದರೇ ಹೊರತು ಹುಳುವನ್ನು ನೋಡಲಿಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಏರಿ ನೋಡಿದಾಗ ದೊಡ್ಡ ದೊಡ್ಡ ತೊಲೆಗಳೊಳಗೆ ಹುಳು ಕೊರೆದು ಪೊಳ್ಳಾಗಿದ್ದುವು. ೧೯೧೪ರಿಂದ ೧೯೨೩ರವರೆಗೆ ಉಕ್ಕಿನ ಆಸರೆ ಕೊಟ್ಟು ಉಳಿಸಬೇಕಾಯಿತು. ನಮ್ಮ ಪಡಸಾಲೆಯ ತೊಲೆ ಎಂಟೊಂಬತ್ತು ಅಡಿಯಲ್ಲಿದೆ. ಒಂದು ಏಣಿ ಸಾಕು.

ಪಟ್ಟಣದ ತಾರಸಿ ಮನೆಗಳಲ್ಲಿಯೂ ಜಂತೆ ಉಂಟು. ಒಂದಡಿ, ಒಂದೂವರೆ ಅಡಿಗೆ ಒಂದರಂತೆ ಜಂತೆಗಳನ್ನಿಟ್ಟು, ಅವುಗಳ ಮೇಲೆ ತೆಳು ಇಟ್ಟಿಗೆಗಳನ್ನು ಗಾರೆಯಲ್ಲಿ ಓರೆಯಾಗಿ ನಿಲ್ಲಿಸಿ ಜೋಡಿಸಿ, ಮೇಲೆ ಸುಣ್ಣದ ಗಾರೆಯನ್ನು ಅಳಲೆಕಾಯಿ ಬೆಲ್ಲದ ನೀರು ಚಿಮುಕಿಸಿ ಬಡಿದು ಕೂರಿಸುತ್ತಿದ್ದರು. ಕೆಳಗಿನಿಂದ ನೋಡಿದರೆ ಮರದ ಪಟ್ಟೆ, ಬಿಳಿಯ ಪಟ್ಟೆ ಒಂದಾದ ಮೇಲೊಂದು. ಇದಕ್ಕೆ ಮದ್ರಾಸ್ ತಾರಸಿ ಎಂದು ಹೆಸರು. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ೧೮೬೫ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹಳ್ಳಿಗಳಲ್ಲಿ ನಾಡಹೆಂಚಿನ ಬದಲು ಮಂಗಳೂರು ಹೆಂಚು ಬಂದಿತು. ಕಾಂಕ್ರೀಟು ಬಂದು ಎರಡನ್ನೂ ಹಿಂದಕ್ಕೆ ತಳ್ಳಿತು. ಅದನ್ನು ನಾನು ಹಳಿಯುವುದಿಲ್ಲ. ಮರ ದುಬಾರಿ, ಬಲ್ಲ ಬಡಗಿಗಳು ವಿರಳ, ಬಡವನಿಗೂ ಸೋರದ ಮನೆ ಬೇಕು.

ಆದರೆ ನಿಂತಿರುವ ಮನೆಯನ್ನು ಕೆಡವುವಾಗ ಒಂದು ಲೆಕ್ಕ ತಪ್ಪುತ್ತಿದೆ. ಗೇಣುದ್ದ ಕೆಟ್ಟ ಜಂತೆಯನ್ನು ತೋರಿಸಿ ಮಾಡೆಲ್ಲ ಹೋಯಿತೆನ್ನುತ್ತಾರೆ. ವ್ಯಾಪಾರಿ ಬಂದು ಕಂಬ, ಬೋದಿಗೆ, ತೊಲೆಗಳನ್ನು ಸೌದೆಗಿಂತ ಸ್ವಲ್ಪ ಹೆಚ್ಚಿನ ಬೆಲೆಗೆ ಲಾರಿಗೆ ಏರಿಸುತ್ತಾನೆ. ಅದೇ ತೊಲೆ ಬೆಂಗಳೂರಿನ ಹೋಟೆಲೊಂದರಲ್ಲಿ ಕಾಂಕ್ರೀಟಿನ ಕೆಳಗೆ, ಯಾವ ಭಾರವನ್ನೂ ಹೊರದೆ, ಎಣ್ಣೆ ಹಚ್ಚಿಸಿಕೊಂಡು ಹೊಳೆಯುತ್ತದೆ. ಕೆಟ್ಟದ್ದು ತುದಿಯಾದರೆ ತುದಿಯನ್ನು ಮಾತ್ರ ಕೊಯ್ದು ಹೊಸ ಮರ ಬೆಸೆಯಬಹುದು. ಇಲ್ಲವೆ ಗೋಡೆಗೆ ಒತ್ತಿ ಒಂದು ಕಂಬ, ಒಂದು ಅಡ್ಡ ಮರ ಕೊಟ್ಟು ಜಂತೆಯ ಆಧಾರವನ್ನು ಗೇಣು ಒಳಕ್ಕೆ ತರಬಹುದು. ಬಡಗಿಯ ಎರಡು ಮೂರು ದಿನದ ಕೂಲಿಯಲ್ಲಿ ಮುಗಿಯುವ ಕೆಲಸವಿದು.

ಹೀಗೆ ತೀರ್ಮಾನಿಸುವ ಮೊದಲು ಪರೀಕ್ಷೆ ಬೇಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ನೋಡುವುದು ಒಳ್ಳೆಯದು. ಸುತ್ತಿಗೆಯಿಂದ ಜಂತೆಯನ್ನು ಉದ್ದಕ್ಕೂ ಮೆಲ್ಲಗೆ ತಟ್ಟಬೇಕು. ಗಟ್ಟಿ ಮರ ಕಣಿಲೆನ್ನುತ್ತದೆ, ಪೊಳ್ಳಾದುದು ಡೊಳ್ಳೆನ್ನುತ್ತದೆ. ಸಂಶಯ ಬಂದಲ್ಲಿ ಮೊಳೆಯ ಮೊನೆಯನ್ನು ಒತ್ತಿದರೆ ಮರ ಮೆತ್ತಗಾಗಿದೆಯೇ ಇಲ್ಲವೇ ತಿಳಿಯುತ್ತದೆ. ಕೆಳಗೆ ನೆಲದ ಮೇಲೆ ಹಿಟ್ಟಿನಂತಹ ಹುಡಿ ಬಿದ್ದಿದ್ದರೆ ಅದರ ನೇರಕ್ಕೆ ಕುಟ್ಟೆಯುಂಟು. ಗೋಡೆಯ ಮೇಲೆ ಮಣ್ಣಿನ ಗೆರೆ ಏರಿದ್ದರೆ ಗೆದ್ದಲು ದಾರಿ ಮಾಡಿಕೊಂಡಿದೆ. ತೊಟ್ಟಿಯ ಮನೆಯಾದರೆ ಮೊದಲು ಅಂಗಳದ ನಾಲ್ಕು ಮೂಲೆಗಳನ್ನು ನೋಡತಕ್ಕದ್ದು. ಎರಡು ಮಾಡುಗಳ ನೀರು ಕೂಡಿ ಇಳಿಯುವುದು ಅಲ್ಲಿಯೇ. ಮೂಲೆಗೆ ಓರೆಯಾಗಿ ಬರುವ ದಪ್ಪ ಮರವನ್ನು ಅದರ ಬುಡದಲ್ಲಿ, ಕಂಬದ ಮೇಲೆ ಕೂರುವ ಕಡೆ ತಟ್ಟಿ ನೋಡಬೇಕು.